ಕ್ಲಿಪ್ ಇಲ್ಲದ ಪೈಪು

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಸ್ಕೂಟರಿಗೆ ಒಂದು ರೋಗ ಅಂಟಿಕೊಂಡಿತು. ಓಡುವಾಗ ಚೆನ್ನಾಗಿಯೇ ಓಡುತ್ತಿತ್ತು. ಸಿಗ್ನಲ್ಲಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಎರಡು ಸಲ ಕೆಮ್ಮಿ ಬಂದ್ ಆಗುತ್ತಿತ್ತು. ಮತ್ತೆ ಚಾಲೂ ಆಗಲು ಹತ್ತು ನಿಮಿಷ ಕಾಡಿಸುತ್ತಿತ್ತು.

ನಾವಿರುವುದು ಡೊಂಬಿವಲಿ ಪೂರ್ವದಲ್ಲಿ, ಒಂದು ಹಳೆಯ ಬಿಲ್ಡಿಂಗಿನ ನೆಲಮಹಡಿಯಲ್ಲಿ. ನನ್ನ ಗಂಡ ರಬಾಳೆಯ ಒಂದು ಪ್ಯಾಕಿಂಗ್ ಕಾರ್ಖಾನೆಯಲ್ಲಿ ಮಶೀನ್ ಆಪರೇಟರ್. ಎರಡು ವರ್ಷದ ಹಿಂದೆ ಕಾಗದದ ದೊಡ್ಡ ಉರುಳೆಯೊಂದು ಜಾರಿ ಅವರ ಎಡಗಾಲಿನ ಮೇಲೆ ಬಿತ್ತು. ಒಳಗೆ ರಾಡ್ ಹಾಕಿದ್ದಾರೆ. ನಡೆಯಬಹುದು, ಕೆಲಸ ಮಾಡಬಹುದು, ಆದರೆ ಡೊಂಬಿವಲಿಯ ಬೆಳಗಿನ ಲೋಕಲ್ ರೈಲು ಹತ್ತಿ, ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ ಇನ್ನೊಂದು ಗಾಡಿ ಹಿಡಿಯಲು ಆ ಕಾಲಿಗೆ ಆಗುವುದಿಲ್ಲ. ಆ ಗರ್ದಿಯಲ್ಲಿ ಎರಡು ಗಟ್ಟಿ ಕಾಲಿದ್ದವರೇ ತೂರಾಡುತ್ತಾರೆ. ಹಾಗಾಗಿ ಕಲ್ಯಾಣ–ಶೀಳ ರಸ್ತೆ ಹಿಡಿದು, ಮಹಾಪೆ ದಾಟಿ, ಏಳು ಗಂಟೆಯ ಪಾಳಿಗೆ ಸ್ಕೂಟರಿನಲ್ಲೇ ಹೋಗುತ್ತಿದ್ದರು. ಸ್ಕೂಟರು ಕೆಟ್ಟರೆ ಕೆಲಸವೂ ಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಬಾಯಿಬಿಟ್ಟು ಆಡುತ್ತಿರಲಿಲ್ಲ ಅಷ್ಟೆ.

ಒಂದು ದಿನ ಶೀಳ ಫಾಟಾದ ತಿರುವಿನಲ್ಲಿ ಸ್ಕೂಟರು ಬಂದ್ ಆಯಿತಂತೆ, ಕಳಂಬೋಲಿ ಕಡೆಯಿಂದ ಉಕ್ಕಿನ ಸುರುಳಿ ಹೇರಿಕೊಂಡು ಬಂದ ಟ್ರೇಲರಿನ ಮುಂದೆಯೇ. ಡ್ರೈವರ್ ಹಾರ್ನ್ ಹೊಡೆಯುತ್ತ ನಿಂತ, ಇವರು ಕುಂಟುತ್ತ ಸ್ಕೂಟರನ್ನು ತಳ್ಳಿಕೊಂಡು ಬದಿಗೆ ಬಂದರು. ರಾತ್ರಿ ಊಟಕ್ಕೆ ಕೂತಾಗ ಪಲ್ಯಕ್ಕೆ ಉಪ್ಪು ಕಡಿಮೆ ಎನ್ನುವ ದನಿಯಲ್ಲೇ ಅದನ್ನು ಹೇಳಿದರು. ನಾನು ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟೆ.

ಮೆಕ್ಯಾನಿಕ್ ಕಾರ್ಬ್ಯುರೇಟರನ್ನೇ ಬದಲಿಸಬೇಕು ಎಂದ. ಇವರು ಒಪ್ಪಲಿಲ್ಲ. ಇಪ್ಪತ್ತು ವರ್ಷ ಮಶೀನಿನ ಜೊತೆ ಕಳೆದವರು. ಯಾವ ಮಶೀನೂ ಸುಮ್ಮಸುಮ್ಮನೆ ಕೆಡುವುದಿಲ್ಲ, ಎಲ್ಲಿ ನೋವೆಂದು ಅದೇ ಹೇಳುತ್ತದೆ ಎನ್ನುವ ನಂಬಿಕೆ. ಮೊದಲ ಭಾನುವಾರ ಪ್ಲಗ್ ಬಿಚ್ಚಿದರು. ಒಲೆಯ ಮೇಲಿಟ್ಟ ಪಾತ್ರೆಯ ತಳದಂತೆ ಕಪ್ಪಾಗಿತ್ತು. ಪಾಲಿಶ್ ಪೇಪರಿನಿಂದ ತಿಕ್ಕಿ ಹಾಕಿದರು. ಎರಡು ದಿನ ಚೆನ್ನಾಗಿತ್ತು, ಮತ್ತೆ ಅದೇ ಕೆಮ್ಮು. ಎರಡನೇ ಭಾನುವಾರ ಏರ್ ಫಿಲ್ಟರ್ ತೆಗೆದು ನೆಲಕ್ಕೆ ಕುಟ್ಟಿದರೆ ಕಲ್ಯಾಣ–ಶೀಳ ರಸ್ತೆಯ ಧೂಳೆಲ್ಲ ನಮ್ಮ ಬಾಗಿಲಲ್ಲಿ ಬಿತ್ತು. ಹೊಸದು ಹಾಕಿದರು. ಎಳೆತ ಹೆಚ್ಚಿತು, ನಿಂತಾಗ ಬಂದ್ ಆಗುವುದು ತಪ್ಪಲಿಲ್ಲ. ಉಳಿದದ್ದು ಕಾರ್ಬ್ಯುರೇಟರ್. ಅದನ್ನು ಬಿಚ್ಚಲು ಇಡೀ ದಿನ ಬೇಕು. ರಜೆ ಸಿಕ್ಕಿದ್ದು ಖಂಡೇ ಪೂಜೆಯ ದಿನ.

ವಿಜಯಪುರದ ಕಡೆಯ ನಮ್ಮ ಮನೆಗಳಲ್ಲಿ ಅದೊಂದು ಕಟ್ಟುನಿಟ್ಟು. ಮಹಾನವಮಿಯ ದಿನ ಮನೆಯ ಹತಾರಗಳನ್ನೆಲ್ಲ ತೊಳೆದು, ಕುಂಕುಮ ಹಚ್ಚಿ, ಪೂಜೆಗೆ ಇಡುತ್ತೇವೆ. ಇಟ್ಟದ್ದನ್ನು ಮಾರನೆಯ ದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವ ತನಕ ಎತ್ತುವಂತಿಲ್ಲ. ವರ್ಷವೆಲ್ಲ ದುಡಿದ ಕಬ್ಬಿಣಕ್ಕೆ ಒಂದು ದಿನದ ವಿಶ್ರಾಂತಿ. ನನ್ನ ಮಾವ ಬಡಿಗರು. ಅವರು ತೀರಿಕೊಂಡು ಹತ್ತು ವರ್ಷವಾದರೂ ಅವರ ಮಗ ಈ ಒಂದು ನಿಯಮವನ್ನು ಬಿಟ್ಟಿಲ್ಲ. ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿದ ನಾನೂ ಬಿಟ್ಟಿಲ್ಲ. ಸಾನಪಾಡಾದ ಒಂದು ಕೆಮಿಕಲ್ ಏಜೆನ್ಸಿಯಲ್ಲಿ ನನ್ನ ಕೆಲಸ. ಡ್ರಮ್ಮುಗಳ ಜೊತೆ ಹೋಗುವ ಕಾಗದಪತ್ರ ತಯಾರಿಸುವುದು. ಯಾವ ದ್ರಾವಕದ ಆವಿ ಎಷ್ಟು ದೂರದ ಕಿಡಿಯನ್ನು ಹಿಡಿಯುತ್ತದೆಂದು ದಿನಕ್ಕೆ ಹತ್ತು ಸಲ ಟೈಪ್ ಮಾಡುತ್ತೇನೆ.

ಆ ದಿನ ಅವರು ಬೆಳಿಗ್ಗೆಯೇ ಕಾರ್ಬ್ಯುರೇಟರ್ ಬಿಚ್ಚಿದರು. ಸ್ಕೂಟರು ಬಾಗಿಲಿನ ಪಕ್ಕದ ಪಡಸಾಲೆಯಲ್ಲಿ ನಿಲ್ಲುತ್ತದೆ, ಹಿಂದೆ ಗೋಡೆ, ಮುಂದೆ ಮೋರಿಯ ಕಡೆಗೆ ಸ್ವಲ್ಪ ಇಳಿಜಾರು. ಮಣೆಯ ಮೇಲೆ ಕೂತು, ಎಡಗಾಲು ನೀಡಿಕೊಂಡು, ಸ್ಟೀಲ್ ಬೋಗುಣಿಯಲ್ಲಿ ಪೆಟ್ರೋಲ್ ಹಾಕಿ ಒಂದೊಂದೇ ಭಾಗ ತೊಳೆದರು. ಸಣ್ಣ ಜೆಟ್ ಒಂದನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಕೂದಲು ಹೋಗುವಷ್ಟು ತೂತು. ಅದರಲ್ಲಿ ಹಸಿರು ಪಾಚಿಯಂಥ ಕಸ ಕಟ್ಟಿತ್ತು. ಬ್ರಶ್ಶಿನ ಒಂದು ಎಳೆ ಕಿತ್ತು ಚುಚ್ಚಿ, ಊದಿ, ಮತ್ತೆ ನೋಡಿದರು. ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು. "ಸಿಕ್ತು ನೋಡು ಕಳ್ಳ," ಎಂದರು.

ಕೊಳೆ ಪೆಟ್ರೋಲಿನ ಬೋಗುಣಿಯನ್ನು ನಾನೇ ಎತ್ತಿಕೊಂಡು ಹೋಗಿ ದೂರದಲ್ಲಿ, ಗೇಟಿನಾಚೆ ಇಟ್ಟು ಬಂದೆ. ಕೈ ಸೋಪಿನಲ್ಲಿ ತೊಳೆದೆ. ಓದಿದವಳ ಜಾಗ್ರತೆ ಅಲ್ಲಿಗೆ ಮುಗಿಯಿತು.

ಊಟದ ಹೊತ್ತಿಗೆ ಎಲ್ಲ ಜೋಡಿಸಿದ್ದರು, ಪೆಟ್ರೋಲ್ ಪೈಪಿನ ಕ್ಲಿಪ್ ಒಂದನ್ನು ಬಿಟ್ಟು. ಊಟ ಮಾಡಿ ಎದ್ದು, ಉಳಿದದ್ದನ್ನು ಆಮೇಲೆ ನೋಡೋಣವೆಂದು ಕೊಂಚ ಅಡ್ಡಾದರು. ಪೂಜೆಯ ಹೊತ್ತು ಮೀರುತ್ತದೆಂದು ನಾನು ಪಾನಾ, ಪಕ್ಕಡ್, ಸ್ಕ್ರೂಡ್ರೈವರ್, ಅಡುಗೆಮನೆಯ ಚಾಕು, ನನ್ನ ಕತ್ತರಿ ಎಲ್ಲವನ್ನೂ ಒರೆಸಿ, ದೇವರ ಜಗಲಿಯ ಮೇಲಿಟ್ಟು, ಕುಂಕುಮ ಹಚ್ಚಿ ಆರತಿ ಮಾಡಿಬಿಟ್ಟೆ. ಅವರು ಎದ್ದು ಬಂದು ಕ್ಲಿಪ್ ಹಾಕಲು ಪಕ್ಕಡ್ ಕೇಳಿದರು. ಪೂಜೆ ಆಯಿತಲ್ಲ ಎಂದೆ. ಒಂದು ಕ್ಷಣ ಜಗಲಿಯ ಕಡೆ ನೋಡಿದರು. ನಾನೂ ನೋಡಿದೆ.

"ಇರ್ಲಿ ಬಿಡು," ಎಂದರು. "ಕ್ಲಿಪ್ಪಿಂದೇನ್, ನಾಳಿ ಬನ್ನಿ ಕೊಟ್ಟ ಮ್ಯಾಲೆ ಹಾಕಿದ್ರಾತು."

ಪೈಪನ್ನು ಕೈಯಿಂದಲೇ ಒತ್ತಿ ಕೂಡಿಸಿದರು. ಹಳೆಯ ಪೈಪು, ಒಣಗಿ ಬಿರುಸಾಗಿತ್ತು. ಇಂಜಿನ್ ಬಂದ್ ಇದ್ದಾಗ ಅದರಿಂದ ಒಂದು ಹನಿಯೂ ಬೀಳಲಿಲ್ಲ. ಅಂಥ ಸ್ಕೂಟರಿನಲ್ಲಿ ಇಂಜಿನ್ ಓಡುವಾಗ ಮಾತ್ರ ಟಾಕಿಯಿಂದ ಪೆಟ್ರೋಲ್ ಇಳಿಯುತ್ತದೆಂದು ಆಮೇಲೆ ತಿಳಿದುಕೊಂಡೆ. ಈಗ ಅದೆಲ್ಲ ನನಗೆ ಬಾಯಿಪಾಠ.

ಸಂಜೆ ಸೂರ್ಯ ಇಳಿಯುವಾಗ ಇಂಜಿನ್ ಚಾಲೂ ಮಾಡಿದರು. ಸ್ಕ್ರೂಡ್ರೈವರ್ ಪೂಜೆಯಲ್ಲಿತ್ತು, ಚಮಚೆಯ ಹಿಡಿಕೆಯಿಂದ ಸ್ಕ್ರೂ ತಿರುಗಿಸಿದರು. ಚಮಚೆ ಹತಾರವಲ್ಲವಲ್ಲ, ಅದಕ್ಕೆ ದೋಷವಿಲ್ಲ ಎಂದು ಇಬ್ಬರೂ ನಕ್ಕೆವು. ಗಾಳಿಯ ಸ್ಕ್ರೂವನ್ನು ಪೂರ್ತಿ ಒಳಗೆ ಹಾಕಿ, ಒಂದೂವರೆ ಸುತ್ತು ಹೊರಗೆ ತಂದರು. ಕಾಲು ಸುತ್ತು ಆಚೆ, ಕಾಲು ಸುತ್ತು ಈಚೆ. ಪ್ರತಿ ಸಲ ತಲೆ ವಾಲಿಸಿ ಕೇಳುತ್ತಿದ್ದರು. ಇಂಜಿನ್ನಿನ ಸದ್ದು ಏರಿತು, ನಡುಗಿತು, ಮತ್ತೆ ಸಮವಾಯಿತು. ವೇಗ ಇಳಿಸಿದರು, ಆದರೂ ಬಂದ್ ಆಗಲಿಲ್ಲ. ಐದು ನಿಮಿಷ, ಹತ್ತು ನಿಮಿಷ, ಒಂದೇ ತಾಳದಲ್ಲಿ ಟುಕುಟುಕು ಎನ್ನುತ್ತ ನಿಂತಿತು. ಆ ಸದ್ದನ್ನು ನಿಲ್ಲಿಸಲು ಮನಸ್ಸಾಗದೆ, ಗಾಡಿ ಚಾಲೂ ಇರುವಾಗಲೇ ಅದರ ಪೂಜೆಯನ್ನೂ ಮಾಡಿಬಿಡು ಎಂದರು.

ಪೆಟ್ರೋಲಿನ ವಾಸನೆ ಇತ್ತು. ಆದರೆ ಬೆಳಿಗ್ಗೆಯಿಂದ ಅವರ ಕೈ, ಮಣೆ, ನೆಲ ಎಲ್ಲದರಿಂದ ಅದೇ ವಾಸನೆ. ಜೊತೆಗೆ ಊದಿನಕಡ್ಡಿ. ಹಾರ ಹಾಕಿದೆ, ಕರ್ಪೂರ ಹಚ್ಚಿ ಆರತಿ ಎತ್ತಿದೆ. ಹಿಂದಿನ ಗಾಲಿಯ ಕೆಳಗೆ ನಿಂಬೆಹಣ್ಣು ಇಡಬೇಕಿತ್ತು. ಕೈ ಖಾಲಿ ಮಾಡಿಕೊಳ್ಳಲು, ಉರಿಯುವ ಕರ್ಪೂರದ ತಟ್ಟೆಯನ್ನು ನೆಲದ ಮೇಲೆ, ಮೋರಿಯ ಬದಿಗೆ ಇಟ್ಟೆ.

ಒದ್ದೆ ಚಾದರ ಕೊಡವಿದಂಥ ಸದ್ದಾಯಿತು. ತಟ್ಟೆಯ ಪಕ್ಕದಿಂದ ನೀಲಿ ಗೆರೆಯೊಂದು ಸೋರಿದ ಪೆಟ್ರೋಲಿನ ಜಾಡು ಹಿಡಿದು ಇಳಿಜಾರಿನ ಮೇಲಕ್ಕೆ ಓಡಿತು. ನಾನು ಅದನ್ನು ನೋಡಿದೆ. ಅದು ಸ್ಕೂಟರಿನ ಕೆಳಗೆ ಹೋಗುವುದನ್ನೂ ನೋಡಿದೆ. ಸ್ಕೂಟರಿಗೂ ಗೋಡೆಗೂ ನಡುವೆ ಅವರು ಮಣೆಯ ಮೇಲೆ ಕೂತಿದ್ದರು, ಕೈಯಲ್ಲಿ ಚಮಚೆ. ಎದ್ದೇಳಲು ಅವರಿಗೆ ಯಾವಾಗಲೂ ಯಾರದಾದರೂ ಕೈ ಬೇಕು. ಆ ಕೈ ಕೊಡುವುದು ಬಿಟ್ಟು ನಾನು ಒಳಗೆ ಓಡಿದೆ. ಬಕೀಟಿಗೆ ನೀರು ತುಂಬಿಸಿದೆ. ನಲ್ಲಿ ತುಂಬ ನಿಧಾನವಾಗಿತ್ತು.

ಈಗಲೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಬೆಂಕಿಯಲ್ಲ. ಆ ನಲ್ಲಿ.

ಬಕೀಟು ಎತ್ತಿಕೊಂಡು ಹೊರಗೆ ಬಂದಾಗ ಪಕ್ಕದ ಕಟ್ಟಡದ ಕೆಲಸದವನು ಗಿಡ್ಡ ಗೋಡೆ ಹಾರಿ ಬರುತ್ತಿದ್ದ. ರಾಯಚೂರಿನ ಕಡೆಯವನು, ಮೀಸೆ ನರೆತ ಆಳು. ಹಬ್ಬವಾದರೂ ಹೊಸ ಕಂಬಗಳಿಗೆ ಸುತ್ತಿದ ಗೋಣಿಚೀಲಗಳಿಗೆ ನೀರು ಹೊಡೆಯಲು ಅವನೊಬ್ಬನನ್ನು ಅಲ್ಲಿ ಬಿಟ್ಟಿದ್ದರು. ಅಂಥ ಹಸಿ ಚೀಲಗಳನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

"ಯಕ್ಕಾ, ನೀರ್ ಬ್ಯಾಡ," ಎಂದ. "ಬಕೀಟ್ ಕೆಳಗಿಡು. ನೀರ್ ಹಾಕಿದ್ರ ಉರಿ ಅಣ್ಣನ ಕಡಿಗೇ ಹರೀತದ."

ಕೂಗಲಿಲ್ಲ, ಲೆಕ್ಕ ಹೇಳಿದ ಹಾಗೆ ಹೇಳಿದ. ಒಂದು ಚೀಲವನ್ನು ಇಂಜಿನ್ನಿನ ಮೇಲೆ ಹೊದಿಸಿದ, ಇನ್ನೊಂದನ್ನು ಇವರ ಬಲಗಾಲಿನ ಮೇಲೆ. ಕಂಕುಳಲ್ಲಿ ಕೈ ಹಾಕಿ, ಮಣೆಯ ಸಮೇತ ಎಳೆದ. ಮತ್ತೆರಡು ಚೀಲ ತಂದು ನೆಲದ ಮೇಲೆ ಹಾಸಿದ. ಉರಿ ಆರಿತು. ಅಷ್ಟು ಹೊತ್ತಿಗೆ ಇಂಜಿನ್ ಸದ್ದೂ ಇರಲಿಲ್ಲ. ಇವರು ಕೂತಲ್ಲಿಂದಲೇ ಕೈ ಚಾಚಿ ಚಾವಿ ತಿರುಗಿಸಿದ್ದರು. ಅದರಿಂದ ಪೆಟ್ರೋಲ್ ಇಳಿಯುವುದು ನಿಂತಿತ್ತು. ಅವರಿಬ್ಬರೂ ಮಾಡಬೇಕಾದದ್ದನ್ನು ಮಾಡಿದರು. ಕೆಮಿಸ್ಟ್ರಿ ಓದಿದವಳು ಪೆಟ್ರೋಲಿಗೆ ನೀರು ಹಾಕಲು ನಿಂತಿದ್ದೆ.

ಚಹಾ ಕುಡಿದು ಹೋಗುವಾಗ ಆ ಮನುಷ್ಯ ಹಾರ ಸುಟ್ಟು ಕರಕಾದ ಸ್ಕೂಟರನ್ನು ನೋಡಿ, "ದೇವ್ರಿಗೆ ಕರ್ಪೂರದ ಆರತಿ ನೋಡೀನಿ, ಗಾಡಿಗೆ ಪೆಟ್ರೋಲಿನ ಆರತಿ ಇಲ್ಲೇ ನೋಡಿದ್ದು," ಎಂದ. ನನ್ನ ಗಂಡ ನಕ್ಕರು. ಅವರ ಬಲಗಾಲಿನ ಮೀನಖಂಡದಲ್ಲಿ ಅಂಗೈಯಗಲ ಬೊಬ್ಬೆ ಎದ್ದಿತ್ತು. ಒಳ್ಳೆಯ ಕಾಲು ಅದೇ.

ಹತ್ತು ದಿನ ರಜೆ ಹಾಕಿದರು. ಆಮೇಲೆ ಒಂದು ವಾರ ಲೋಕಲ್ಲಿನಲ್ಲಿ ಹೋಗಿ ಬಂದರು, ನನ್ನ ಹಟಕ್ಕೆ. ಸಂಜೆ ಬಂದವರು ಬೂಟು ಬಿಚ್ಚಲೂ ಆಗದೆ ಗೋಡೆಗೆ ಒರಗಿ ಕೂರುತ್ತಿದ್ದರು. ರಾಡ್ ಇರುವ ಕಾಲು ಮೊಣಕಾಲಿನ ತನಕ ಬಾತಿರುತ್ತಿತ್ತು. ಐದನೆಯ ದಿನ ಠಾಣೆಯ ಸೇತುವೆಯಲ್ಲಿ ಯಾರೋ ತಳ್ಳಿದ್ದಕ್ಕೆ ಬಿದ್ದರು. ಹೀಗಾದರೆ ನೌಕರಿ ಬಿಡಬೇಕಾಗುತ್ತದೆ ಎಂದು ಆ ರಾತ್ರಿ ಮೊದಲ ಸಲ ಬಾಯಿಬಿಟ್ಟು ಹೇಳಿದರು.

ಅಲ್ಲಿಯ ತನಕ ನಾನು ಒಂದು ಮಾತಿಗಾಗಿ ಕಾಯುತ್ತಿದ್ದೆ. ಅವರು ನನ್ನನ್ನು ಬಯ್ಯಲೇ ಇಲ್ಲ. ಕಾಲಿಗೆ ಮುಲಾಮು ಹಚ್ಚುತ್ತ ನಾನೇ ಹೇಳಿದೆ, "ಅವತ್ತ ನಾ ಪಕ್ಕಡ್ ಕೊಡಬೇಕಾಗಿತ್ತು."

"ನೀ ಕೊಟ್ಟಿದ್ರೂ ನಾ ಮುಟ್ಟತಿದ್ದಿಲ್ಲ," ಎಂದರು. "ನಮ್ಮಪ್ಪ ಸತ್ತು ಹತ್ತು ವರ್ಷ ಆತು. ಇನ್ನೂ ಅವನ ಕೈ ನನ್ನ ಬೆನ್ನಮ್ಯಾಲೇ ಅದ."

ಆಮೇಲೆ, ಗಾಡಿ ರಿಪೇರಿ ಮಾಡಿಸೋಣ ಎಂದರು. ಬೇಡ ಎಂದರೆ ತೋರಿಸಲು ನನ್ನ ಬಳಿ ಬೇರೆ ದಾರಿ ಇರಲಿಲ್ಲ.

ಸುಟ್ಟ ವಯರು, ಪೈಪು, ಪ್ಲಾಸ್ಟಿಕ್ಕುಗಳಿಗೆ ಬದಲು ಕಲ್ಯಾಣದಿಂದ ತಂದ ಸಾಮಾನು ಹಾಕಿ ಮೆಕ್ಯಾನಿಕ್ ರಿಪೇರಿ ಮಾಡಿದ. ಟ್ಯೂನಿಂಗ್ ಮಾತ್ರ ಇವರೇ ಮಾಡಿಕೊಂಡರು. ಮನೆಯ ಹತ್ತಿರ ಬೇಡ ಎಂದೆ; ಬಯಲಿನಲ್ಲಿ, ಹಾಡಹಗಲು ಮಾಡಿದರು. ಮರಳಿನ ಬಕೀಟು ಹಿಡಿದು ನಾನು ಪಕ್ಕದಲ್ಲಿ ನಿಂತಿದ್ದೆ. ಹೋಗಿಬರುವವರು ನೋಡಿ ನಗುತ್ತಿದ್ದರು.

ಅವರು ಮತ್ತೆ ರಬಾಳೆಗೆ ಹೊರಟ ಮೊದಲ ಬೆಳಿಗ್ಗೆ ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಸೀರೆ ಸುತ್ತಿಕೊಂಡು, ಡಬ್ಬಿ ಚೀಲಕ್ಕೆ ಹಾಕಿ, ಹಿಂದೆ ಹತ್ತಿ ಕೂತೆ. ರಬಾಳೆಯ ತನಕ ಬರುತ್ತೇನೆ, ಅಲ್ಲಿಂದ ರೈಲು ಹಿಡಿದು ಸಾನಪಾಡಾಕ್ಕೆ ಹೋಗುತ್ತೇನೆ ಎಂದೆ. ಆಫೀಸ್ ತೆರೆಯುವುದು ಒಂಬತ್ತೂವರೆಗೆ. ನಾವು ಹೊರಟಾಗ ಐದೂಮುಕ್ಕಾಲು. ಅವರು ಹೆಲ್ಮೆಟ್ ಕೊಟ್ಟರು.

ಶೀಳ ಫಾಟಾದಲ್ಲಿ ಟ್ರೇಲರುಗಳ ನಡುವೆ ನಿಂತೆವು. ಸ್ಕೂಟರು ಬಂದ್ ಆಗಲಿಲ್ಲ, ಅದೇ ಟುಕುಟುಕು. ನಾನು ಬಗ್ಗಿ ಸೀಟಿನ ಕೆಳಗೆ ಮೂಗು ತಂದೆ.

"ಏನ್ ಪೊಲೀಸ್ ನಾಯಿ ಹಂಗ ಮೂಸ್ತಿ?" ಎಂದರು.

ಈಗ ಮೂರು ತಿಂಗಳಾಯಿತು. ಭಾನುವಾರ ಬಿಟ್ಟು ದಿನವೂ ಹೋಗುತ್ತೇನೆ. ಕಾರ್ಖಾನೆಯ ಗೇಟಿನ ಮುಂದೆ ಇಳಿದು, ಅವರು ಗಾಡಿ ಬಂದ್ ಮಾಡಿ ಚಾವಿ ತೆಗೆಯುವುದನ್ನು ಕಣ್ಣಾರೆ ನೋಡಿ, ಸ್ಟೇಷನ್ನಿಗೆ ನಡೆಯುತ್ತೇನೆ. ಮೊನ್ನೆ ಗೇಟಿನಲ್ಲಿ, ಎಷ್ಟು ದಿನ ಹೀಗೆ ಎಂದು ಕೇಳಿದರು. ನನ್ನ ಕಣ್ಣ ಕೆಳಗೆ ಕಪ್ಪಾಗಿರುವುದನ್ನು ನೋಡಿದ್ದರೇನೋ. ಗೊತ್ತಿಲ್ಲ ಎಂದೆ. ಗಾಡಿಯಲ್ಲಿ ಈಗ ಯಾವ ತಪ್ಪೂ ಇಲ್ಲ, ಇದು ನನಗೂ ತಿಳಿಯುತ್ತದೆ.

ದಿನವೂ ಸಾನಪಾಡಾಕ್ಕೆ ಬಂದಿಳಿಯುವಾಗ ಏಳೂಕಾಲು. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತೇನೆ. ಕೆಲವು ದಿನ ಕೂತಲ್ಲೇ ನಿದ್ದೆ ಹತ್ತುತ್ತದೆ. ಕಸ ಗುಡಿಸುವ ಹೆಂಗಸಿಗೆ ಪರಿಚಯವಾಗಿದೆ; ಒಂಬತ್ತಕ್ಕೆ ಭುಜ ಮುಟ್ಟಿ ಎಬ್ಬಿಸಿ, ತಾಯಿ, ಆಫೀಸಿಗೆ ಹೊತ್ತಾಯಿತು ಎಂದು ಮರಾಠಿಯಲ್ಲಿ ಹೇಳಿ, ಕಸಬರಿಗೆ ಎಳೆದುಕೊಂಡು ಮುಂದಿನ ಬೆಂಚಿಗೆ ಹೋಗುತ್ತಾಳೆ.