‘ಬರ್ಲೇನ್ರಿ’ ಎಂದು ಕೇಳಿ ಕಳೆದುಕೊಂಡ ದಾರಿ

ಏ ಅಲ್ಲಪ್ಪ, ಕಟ್ಟಿಮ್ಯಾಲ ಕುಂತವರೆಲ್ಲಾ ಸ್ವಲ್ಪ ಈ ಕಡಿ ಕಿವಿ ಕೊಡ್ರಿ. ಆ ಮೂಲಿ ಅಂಗಡಿಯವರೂ ಬರ್ರಿ, ಚಾ ಆಮ್ಯಾಲ ಕುಡದ್ರಾತು. ಘೋಡಗೇರಿ ವಕೀಲ ಸಾಹೇಬರ ಸುದ್ದಿ ಹೇಳ್ತೇನಿ.

ವಕೀಲ ಗುರುಲಿಂಗಪ್ಪ ಹುಟ್ಟಿದ್ದು ೧೯೦೧ರಲ್ಲಿ, ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ. ಮೂಡಲಗಿಯ ಸೋದರಮಾವನ ಮನೆಯಲ್ಲಿದ್ದು ಶಾಲೆ ಕಲಿತರು, ಪುಣೆಯಲ್ಲಿ ಕಾನೂನು ಓದಿದರು, ಕರಿ ಕೋಟು ಹೊಲಿಸಿಕೊಂಡು ಗೋಕಾಕದ ಕೋರ್ಟಿಗೆ ಬಂದರು. ಎರಡು ವರ್ಷ ಯಾರೂ ಅವರ ಕಡೆ ತಿರುಗಿ ನೋಡಲಿಲ್ಲ. ಮೂರನೆಯ ವರ್ಷ ಒಂದು ಖಟ್ಲೆ ಬಂತು.

ಊರ ಗೌಡ ಅಣ್ಣಪ್ಪನ ಹೊಲದ ನಡುವೆ ಕುರಿಗಳು ಹೊಳೆಗೆ ಹೋಗುವ ದಾರಿಯಿತ್ತು. ಕುರಿಗಾರ ಮಾಲಿಂಗಪ್ಪನ ಹಿಂಡು ಅವನ ಅಜ್ಜನ ಕಾಲದಿಂದ ಅಲ್ಲೇ ನಡೆದಿತ್ತು. ಗೌಡ ಕಬ್ಬು ಹಚ್ಚಬೇಕೆಂದು ದಾರಿಗೆ ಮುಳ್ಳು ಬಡಿಸಿದ. ಮಾಲಿಂಗಪ್ಪ ದಾವೆ ಹಾಕಿದ. ಗೌಡನ ಪರವಾಗಿ ನಿಂತವರು ಗುರುಲಿಂಗಪ್ಪ.

ಕುರಿಗಾರರು ಯಾರ ಹೊಲ ದಾಟುವಾಗಲೂ ಬದುವಿನ ಮೇಲೆ ನಿಂತು ಒಂದು ಸಲ ಕೂಗಿ ಕೇಳುತ್ತಾರೆ. ದಾರಿ ತಮ್ಮದೇ ಆಗಿದ್ದರೂ ಕೇಳುತ್ತಾರೆ. ಗುರುಲಿಂಗಪ್ಪ ಆ ಕೂಗು ಕೇಳಿಯೇ ಬೆಳೆದವರು.

“ಹೊಲಾ ದಾಟೂ ಮುಂದ ಗೌಡ್ರನ್ನ ಕೇಳ್ತಿದ್ಯೋ ಇಲ್ಲೋ?” ಎಂದು ಕಟಕಟೆಯಲ್ಲಿ ನಿಂತ ಮಾಲಿಂಗಪ್ಪನನ್ನು ಕೇಳಿದರು.

“ಕೇಳ್ದ ಹ್ಯಾಂಗ ಹೋಗೂದ್ರಿ? ‘ಬರ್ಲೇನ್ರಿ ಗೌಡ್ರ’ ಅಂತಿದ್ನಿ.”

“ನಿಮ್ಮಪ್ಪ?”

“ಅವನೂ ಕೇಳಾಂವ. ನಮ್ಮಪ್ಪಗ ಅಷ್ಟೂ ರೀತಿ ಗೊತ್ತಿರಲಿಲ್ಲೇನ್ರಿ?”

ಗುರುಲಿಂಗಪ್ಪ ನ್ಯಾಯಾಧೀಶರ ಕಡೆ ತಿರುಗಿದರು. ಅಪ್ಪಣೆ ಕೇಳಿ ನಡೆದ ದಾರಿ ಹಕ್ಕಾಗುವುದಿಲ್ಲ, ಅಪ್ಪಣೆ ಕೊಟ್ಟವನು ಬೇಕಾದಾಗ ಹಿಂತೆಗೆದುಕೊಳ್ಳಬಹುದು ಎಂದರು. ದಾವೆ ಬಿದ್ದುಹೋಯಿತು. ಅಂದಿನಿಂದ ಮಾಲಿಂಗಪ್ಪನ ಹಿಂಡು ಗುಡ್ಡ ಸುತ್ತಿ ಹೊಳೆಗೆ ಹೋಗತೊಡಗಿತು. ಬೇಸಿಗೆಯಲ್ಲಿ ಎಳೆ ಮರಿಗಳು ದಾರಿಯಲ್ಲೇ ಬೀಳುತ್ತಿದ್ದವು.

ಆ ಖಟ್ಲೆಯಿಂದಲೇ ವಕೀಲರಿಗೆ ಹೆಸರು ಬಂತು. ೧೯೩೦ರಲ್ಲಿ ಕೋಟು ಬಿಚ್ಚಿಟ್ಟು ಖಾದಿ ತೊಟ್ಟರು, ಹಿಂಡಲಗಾ ಜೈಲು ಕಂಡರು. ಮೂವತ್ತೇಳರಲ್ಲಿ ಮುಂಬೈ ಶಾಸನಸಭೆಗೆ ಹೋದರು, ನಲವತ್ತೈದರ ಕೊನೆಗೆ ದಿಲ್ಲಿಯ ಶಾಸನಸಭೆಗೆ ಆರಿಸಿ ಬಂದರು. ಊರೂರಿಗೆ ಹೋಗಿ ಜನರ ಹಕ್ಕಿನ ಬಗ್ಗೆ ಮಾತಾಡಿದರು. ಆ ಮಾತು ಬಾಯಿಗೆ ಬಂದಾಗಲೆಲ್ಲ ಕಟಕಟೆಯ ಮಾಲಿಂಗಪ್ಪ ಕಣ್ಣ ಮುಂದೆ ಬರುತ್ತಾನೆಂದು ಹೆಂಡತಿ ಶಿವವ್ವನಿಗೆ ಮಾತ್ರ ಹೇಳಿದ್ದರು.

ನಲವತ್ತಾರರ ಬೇಸಿಗೆಯಲ್ಲಿ ಒಂದು ದಿನದ ಮಟ್ಟಿಗೆ ಊರಿಗೆ ಬಂದರು. ರೈಲಿನಲ್ಲಿ ಕುಳಿತೂ ಕುಳಿತೂ ಕಾಲು ಬಾತಿದ್ದವು. ಸಂಜೆಯ ಗಾಡಿಗೆ ಮತ್ತೆ ಹೊರಡಬೇಕಿತ್ತು.

“ಬೀಗರ ಸುದ್ದಾ ಎರಡ ದಿನಾ ಇದ್ದ ಹೋಗ್ತಾರ,” ಎಂದಳು ಶಿವವ್ವ. “ಆ ರೊಟ್ಟಿಯರ ಪೂರಾ ತಿನ್ರಿ.”

ರೊಟ್ಟಿ ಅರ್ಧಕ್ಕೆ ಬಿಟ್ಟು ಅವರು ಗೌಡನ ಮನೆಗೆ ನಡೆದರು. ಕುರಿಗಳ ದಾರಿ ಬಿಟ್ಟುಕೊಡು ಎಂದು ಕೇಳಿದರು.

ಗೌಡ ಎಲೆ ಅಡಿಕೆ ಮುಂದಿಟ್ಟ. “ಖಟ್ಲೆ ಗೆದ್ದಾವ್ರು ನೀವು, ಸಾಹೇಬ್ರ. ಈಗ ನಾ ದಾರಿ ಬಿಟ್ರ ನಿಮ್ಮ ಮಾತ ಸುಳ್ಳ ಆಗತೈತಿ. ನಾ ಅಂಥಾ ಕೆಲಸಾ ಮಾಡಾಂವಲ್ಲ.”

ಗೌಡನ ಹೊಲದ ಬಾಜೂಕೇ ವಕೀಲರ ಹೊಲ, ಹೊಳೆಯತನಕ ಉದ್ದಕ್ಕೆ ಚಾಚಿತ್ತು. ಅವರು ಅಲ್ಲಿಗೆ ಹೋಗಿ ಬೇವಿನ ನೆರಳಲ್ಲಿ ಕುಳಿತು ಒಂದು ಕಾಗದ ಬರೆದರು: ಈ ಹೊಲದ ಪಶ್ಚಿಮದ ಬದುವಿಗೆ ಹತ್ತಿದ ದಾರಿ ಮಾಲಿಂಗಪ್ಪನ ಹಿಂಡಿನ ಹಕ್ಕು, ಯಾರ ಅಪ್ಪಣೆಯೂ ಬೇಕಿಲ್ಲ. ಮಾಲಿಂಗಪ್ಪನನ್ನು ಕರೆಸಿ ಕಾಗದ ಓದಿ ಹೇಳಿ ಕೈಗೆ ಕೊಟ್ಟರು. “ನಾಳೆ ಹುಕ್ಕೇರಿಗೆ ಹೋಗಿ ರಜಿಸ್ಟರ್ ಮಾಡಿಸ್ಕೋ. ಇವತ್ತ ಸಂಜೀಕ ಹಿಂಡ ತಗೊಂಬಾ,” ಎಂದರು. ಮುದುಕ ಅದನ್ನು ಮಡಿಚಿ ರುಮಾಲಿನಲ್ಲಿ ಸಿಕ್ಕಿಸಿಕೊಂಡು ಹೋದ. ವಕೀಲರು ತಮ್ಮ ಹೊಲದ ಬೇಲಿಯ ಮುಳ್ಳು ತಾವೇ ಎಳೆದು ಹಾಕಿದರು.

ಸಂಜೆ ಶಿವವ್ವ ಅವರ ಚೀಲ ಹಿಡಿದು ಹೊಲಕ್ಕೆ ಬಂದಳು. ಸ್ಟೇಷನ್ನಿಗೆ ಹೋಗುವ ಚಕ್ಕಡಿ ರಸ್ತೆಯಲ್ಲಿ ನಿಂತಿತ್ತು. ಅಷ್ಟರಲ್ಲಿ ಹಿಂಡು ಬಂತು. ಬದುವಿನ ಹತ್ತಿರ ಮಾಲಿಂಗಪ್ಪ ಕೋಲು ಅಡ್ಡ ಹಿಡಿದು ಕುರಿ ತಡೆದ.

“ಬರ್ಲೇನ್ರಿ ಸಾಹೇಬ್ರ?”

ಬಾ ಎನ್ನಲು ಹೋದ ವಕೀಲರು ತಡೆದುಕೊಂಡರು. ಬಾ ಎಂದರೆ ಅದು ಅಪ್ಪಣೆಯಾಯಿತು. ಮಾಲಿಂಗಪ್ಪನೋ ಉತ್ತರ ಬಾರದೆ ಕಾಲಿಡುವವನಲ್ಲ. ನೀರಿನ ವಾಸನೆ ಹತ್ತಿ ಕುರಿಗಳು ಒದರುತ್ತಿದ್ದವು.

“ಹೂಂ ಅಂದ್ರ ಬಾಯೇನ ಸವೀತೈತೇನ್ರಿ?” ಎಂದಳು ಶಿವವ್ವ. “ದಿಲ್ಲಿಯಾಗ ದಿನಾ ಮಾತಾಡ್ತೀರಿ.”

ಗುರುಲಿಂಗಪ್ಪ ತಮ್ಮ ಹೊಲದಿಂದ ಕೆಳಗಿಳಿದರು. ಕುಂಟುತ್ತ ಹಿಂಡನ್ನು ಸುತ್ತಿ ಬಂದು ಎಲ್ಲ ಕುರಿಗಳ ಹಿಂದೆ ನಿಂತರು.

“ದಾರಿ ನಿಂದು, ಮಾಲಿಂಗಪ್ಪ. ನಾ ಬರ್ಲೇನು?”

ಮುದುಕ ರುಮಾಲಿನಲ್ಲಿದ್ದ ಕಾಗದ ಮುಟ್ಟಿ ನೋಡಿಕೊಂಡ.

“ಬರ್ರಿ. ನೆಲಾ ನೋಡಿ ಕಾಲಿಡ್ರಿ, ಮುಳ್ಳ ಬಿದ್ದಾವ.”

ಅವನು ಕೋಲು ಎತ್ತಿದ, ಕುರಿಗಳು ಓಡಿದವು. ವಕೀಲರು ಧೂಳಿನಲ್ಲಿ ಅವುಗಳ ಹಿಂದೆ ನಡೆದರು. ದೂರದಲ್ಲಿ ರೈಲಿನ ಸಿಳ್ಳು ಕೇಳಿತು. ಶಿವವ್ವ ಚಕ್ಕಡಿಯನ್ನು ತಿರುಗಿ ಕಳಿಸಿದಳು. ಹೊಳೆಯ ದಂಡೆಯಲ್ಲಿ ವಕೀಲರು ಚಪ್ಪಲಿ ಬಿಟ್ಟು, ಬಾತ ಕಾಲು ನೀರಿಗೆ ಇಳಿಬಿಟ್ಟು, ಕೊನೆಯ ಕುರಿ ನೀರು ಕುಡಿಯುವ ತನಕ ಕುಳಿತರು.