ಹುಳು ಜ್ವರದಲ್ಲಿದೆ ಎಂದು ಹೇಳಿದ ದಿನ

ಅಣ್ಣ ತನ್ನ ಹಾಡುಗಳ ಕ್ಯಾಸೆಟ್ಟನ್ನು ಅಮ್ಮನಿಗೆ ಕೇಳಿಸಬೇಕೆಂದು ಬೆಂಗಳೂರಿನಿಂದ ಬಂದಿದ್ದ. ನಾನು ಒಳಗೆ ಬಿಡಲಿಲ್ಲ. ಬಿಡಬಹುದಾಗಿತ್ತು.

ಸುಗಟೂರಿನಲ್ಲಿ ನಮ್ಮದು ರೇಷ್ಮೆ ಸಾಕುವ ಮನೆ. ಅಪ್ಪ ತೀರಿಕೊಂಡ ವರ್ಷ ನನ್ನನ್ನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹಾಕಿದರು. ಅಣ್ಣನೂ ಕೊಯ್ಯುತ್ತಿದ್ದ. ಆದರೆ ಅವನ ಮನಸ್ಸೆಲ್ಲ ಕೋಲಾರದ ಮದುವೆ ಬ್ಯಾಂಡಿನ ಮೇಲಿತ್ತು. ಕ್ಲಾರಿನೆಟ್ ಕಲಿತು ಅವರ ಜೊತೆ ಸೇರಿಕೊಂಡ. ಒಕ್ಕಲು ಮಕ್ಕಳು ಕಂಡವರ ಚಪ್ಪರದ ಮುಂದೆ ಊದುವುದೇ ಎಂದು ಊರವರು ನಕ್ಕರು. "ಊದೋನು ನನ್ನ ಮಗ ಅಲ್ಲ, ಹೋಗು" ಅಂದುಬಿಟ್ಟಳು ಅಮ್ಮ. ಅವನು ಹೋದ. ಆಮೇಲೆ ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ಸ್ಯಾಕ್ಸೋಫೋನ್ ಊದುತ್ತಾನೆಂದು ಸುದ್ದಿ ಬಂತು.

ಅಮ್ಮನಿಗೆ ಒಂದು ಕಡೆ ಕೈಕಾಲು ಬಿದ್ದುಹೋದ ಮೇಲೆ ಅವಳ ಸೇವೆ ನನ್ನದಾಯಿತು. ಇದ್ದದ್ದು ಒಂದೇ ಹೆಂಚಿನ ಕೋಣೆ. ಹುಳುವಿನ ತಟ್ಟೆಗಳೂ ಅಲ್ಲೇ, ಅಮ್ಮನ ಹಾಸಿಗೆಯೂ ಅಲ್ಲೇ. ಅವಳ ಬಟ್ಟೆ ಒಗೆದು, ಬೆನ್ನಿನ ಹುಣ್ಣು ಒರೆಸಿ, ಕೈ ತೊಳೆದು ಹುಳುಗಳಿಗೆ ಸೊಪ್ಪು ಹಾಕುತ್ತಿದ್ದೆ. ನಾನು ಹುಣ್ಣು ಒರೆಸುವಾಗಲೂ ಅಮ್ಮ ಕೇಳುತ್ತಿದ್ದದ್ದು ಅವನನ್ನೇ.

ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಅದು ತಿನ್ನುವುದಿಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಆ ಹೊತ್ತಿನಲ್ಲಿ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ ಮನೆಗೆ ಬೀಗರು ಬಂದರೂ ಜಗಲಿಯಲ್ಲೇ ಮಾತಾಡಿ ಹೋಗುತ್ತಾರೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಅಣ್ಣ ಬಂದಾಗ ಹುಳು ನಾಲ್ಕನೇ ಜ್ವರ ಬಿಟ್ಟು ಎದ್ದು ಒಂದು ದಿನ ಕಳೆದಿತ್ತು. ಬೇವಿನ ಸೊಪ್ಪು ಮಾತ್ರ ಇನ್ನೂ ಬಾಗಿಲಲ್ಲಿತ್ತು. ಅವನ ಕಂಕುಳಲ್ಲಿ ಟೇಪ್ ರೆಕಾರ್ಡರ್.

"ಏನೇ, ನೆಂಟರನ್ನ ನಿಲ್ಲಿಸಿದಂಗೆ ನಿಲ್ಲಿಸಿದ್ದೀಯ?"

"ಅಲ್ಲೇ ಇರು. ಹುಳ ಜ್ವರದಲ್ಲಿದೆ."

"ನಾನೂ ಈ ಮನೇಲಿ ಸೊಪ್ಪು ಕುಯ್ದೋನೇ ಕಣೇ. ಸ್ನಾನ ಮಾಡ್ಕೊಂಡು ಬರ್ತೀನಿ."

"ಸ್ನಾನ ಮಾಡಿದ್ರೆ ಸೆಂಟು ವಾಸನೆ ಹೋಗ್ತದಾ?"

"ಸೆಂಟಲ್ವೇ, ಹೋಟ್ಲು ಸೋಪು," ಎಂದು ನಕ್ಕ. ಆಮೇಲೆ ಜೇಬಿನಿಂದ ಕ್ಯಾಸೆಟ್ ತೆಗೆದು ತೋರಿಸಿದ. ಅವನ ಗುಂಪು ಸ್ಟುಡಿಯೋಗೆ ಹೋಗಿ ಮಾಡಿದ ಹೊಸ ಹಾಡುಗಳು. ಪಿಯಾನೋ, ಡ್ರಮ್ಮು, ಇಂಗ್ಲಿಷಿನಲ್ಲಿ ಮೆಲ್ಲಗೆ ಹಾಡುವ ಒಬ್ಬ ಹೆಂಗಸು, ಅವಳ ಹಿಂದೆ ಇವನ ಸ್ಯಾಕ್ಸೋಫೋನು.

"ಕುಣಿಯೋ ಹಾಡಲ್ಲ, ಕೂತು ಕೇಳೋದು. ಹೋಟ್ಲಲ್ಲಿ ನಾವು ಊದ್ತಿದ್ರೆ ಅವರು ಕೋಳಿ ಕಾಲು ಕಡೀತಿರ್ತಾರೆ. ಸ್ಟುಡಿಯೋದಲ್ಲಿ ಮಾತ್ರ ನಾನು ಊದೋವಾಗ ಎಲ್ರೂ ಉಸಿರು ಬಿಗಿ ಹಿಡ್ಕೊಂಡು ಕೂತಿದ್ರು ಕಣೇ. ಅಮ್ಮಂಗೆ ಒಂದು ಹಾಡು ಕೇಳಿಸ್ತೀನಿ. ಒಂದೇ ಸಾಕು. ಆಮೇಲೆ ಬೈಲಿ ಬೇಕಾದ್ರೆ."

ಅವನ ಇಸ್ತ್ರಿ ಅಂಗಿ ನೋಡಿದೆ. ನನ್ನ ಉಗುರುಗಳಲ್ಲಿ ಸೊಪ್ಪಿನ ಕರೆ ಇತ್ತು. ಆ ಹಾಡು ಕೇಳಿದರೆ ಅಮ್ಮ ಅವನ ಕೈ ಹಿಡಿದು ಅಳುತ್ತಾಳೆ, ಇಷ್ಟು ದಿನ ಮಾಡಿದ ನಾನು ಮೂಲೆಯಲ್ಲಿ ನಿಂತು ನೋಡಬೇಕು ಅನ್ನಿಸಿತು.

"ಸದ್ದಿಗೆ ಹುಳ ಕೆಡ್ತವೆ. ಗೂಡು ಮಾರಿದ್ಮೇಲೆ ಬಾ," ಅಂದೆ.

ಅವನು ಒಳಗಿನ ಕತ್ತಲ ಕಡೆಗೆ ಸ್ವಲ್ಪ ಹೊತ್ತು ಕತ್ತು ಚಾಚಿ ನಿಂತಿದ್ದ. ಮುಖ ಇಳಿದುಹೋಯಿತು. ನೀರು ಕೊಟ್ಟೆ, ಕುಡಿದು ಬಸ್ಸಿಗೆ ಹೋದ.

ನಾನು ಒಳಗೆ ಬಂದರೆ ಅಮ್ಮನಿಗೆ ಎಚ್ಚರವಾಗಿತ್ತು. ಕಾಯಿಲೆ ಬಿದ್ದ ಮೇಲೆ ಅವಳು ತವರಿನ ತೆಲುಗಿನಲ್ಲೇ ಮಾತಾಡುತ್ತಿದ್ದಳು. "ಎವರೇ ವಚ್ಚಿಂದಿ?" ಯಾರೇ ಬಂದದ್ದು, ಅಂದಳು.

"ಸೊಪ್ಪು ಕೇಳೋಕೆ ಯಾರೋ ಬಂದಿದ್ರು."

"ಪೆದ್ದೋಡೇಮೋ ಅನುಕುಂಟಿ." ದೊಡ್ಡವನೇನೋ ಅಂದುಕೊಂಡೆ, ಅಂದಳು.

ಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟ ದಿನ ಅಮ್ಮ ಹೋದಳು. ಅಣ್ಣ ಬಂದು ಹೆಗಲು ಕೊಟ್ಟ. ಬೈಯುತ್ತಾನೆ ಎಂದು ಕಾದಿದ್ದೆ, ಬೈಯಲಿಲ್ಲ. ಕಾರ್ಯ ಮುಗಿಸಿ ಹೋದವನು ಊರ ಕಡೆ ಬರುವುದನ್ನೇ ಬಿಟ್ಟ. ನಾನು ಮದುವೆಯಾದೆ, ಮಕ್ಕಳಾದವು. ಅವನ ಗುಂಪು ಒಡೆದುಹೋಯಿತೆಂದು ಕೇಳಿದೆ.

ಕೊನೆಗೆ ಅವನು ಮಾಲೂರಿನ ಹೆಂಚಿನ ಕಾರ್ಖಾನೆಯೊಂದರ ಗೇಟು ಕಾಯುತ್ತಿದ್ದಾನೆಂದು ತಿಳಿದು, ರಾಗಿ ಹಿಟ್ಟು ಕಟ್ಟಿಕೊಂಡು ಹೋದೆ. ಮುಂದಿನ ಹಲ್ಲುಗಳು ಹೋಗಿದ್ದವು. ಹಲ್ಲಿಲ್ಲದೆ ಸ್ಯಾಕ್ಸೋಫೋನು ಬಾಯಲ್ಲಿ ನಿಲ್ಲುವುದಿಲ್ಲವಂತೆ, ಮಾರಿಬಿಟ್ಟಿದ್ದ. ಗೇಟಿನ ಪಕ್ಕ ಕೂರಿಸಿ ಟೀ ತರಿಸಿಕೊಟ್ಟ. ಮಾತಿಗೆ ಅಮ್ಮನ ವಿಷಯ ಬಂತು.

"ಅವತ್ತು ಹುಳ ಜ್ವರದಲ್ಲಿರ್ಲಿಲ್ಲ, ಅಲ್ವಾ?" ಅಂದ.

ನಾನು ರಾಗಿ ಹಿಟ್ಟಿನ ಗಂಟನ್ನು ಅವನ ಕಡೆಗೆ ಸರಿಸಿದೆ.

"ಬಾಗಿಲಲ್ಲಿ ನಿಂತಾಗ್ಲೇ ಚರಚರ ಸದ್ದು ಕೇಳಿಸ್ತು, ಹುಳ ಸೊಪ್ಪು ಮೇಯ್ತಿದ್ವು. ಅಮ್ಮಾನೇ ಬೇಡ ಅಂದಿರ್ತಾಳೆ, ಪಾಪ ಇವಳು ಅದನ್ನ ಹೇಳಲಾರ್ದೆ ಜ್ವರ ಅಂತಾವಳೆ ಅಂದ್ಕೊಂಡೆ. ಆಮೇಲೆ ಇನ್ನೊಂದು ಸಲ ಸ್ಟುಡಿಯೋಗೆ ಕರೆದ್ರು. ಹೋಗ್ಲಿಲ್ಲ. ಹೋಗಿ ಯಾರಿಗೆ ಕೇಳಿಸೋದು?" ಅವನು ನನ್ನ ತಲೆ ಸವರಿದ. "ನಿನ್ನ ಮೇಲೆ ನಂಗೇನೂ ಇಲ್ಲ ಕಣೇ. ನೀನು ನನ್ನ ಮನಸ್ಸು ನೋಯಿಸ್ಬಾರ್ದು ಅಂತ ಮಾಡ್ದೆ."

ಇಷ್ಟು ವರ್ಷ ಅವನು ಅಮ್ಮ ತನ್ನನ್ನು ಬೇಡವೆಂದಳೆಂದು ನಂಬಿಕೊಂಡು, ನನ್ನನ್ನು ಒಳ್ಳೆಯವಳೆಂದು ತಿಳಿದಿದ್ದ. ಸುಮ್ಮನೆ ಎದ್ದು ಬಸ್ಸು ಹಿಡಿದಿದ್ದರೆ ಒಳ್ಳೆಯವಳಾಗಿಯೇ ಉಳಿಯುತ್ತಿದ್ದೆ. ಲೋಟ ಕೆಳಗಿಟ್ಟೆ. ಅವನ ಮುಖ ನೋಡಲಾಗಲಿಲ್ಲ, ಕಾಲು ನೋಡಿಕೊಂಡೇ ಹೇಳಿದೆ:

"ಅಮ್ಮ ಬೇಡ ಅನ್ಲಿಲ್ಲ ಅಣ್ಣ. ನೀನು ಬಂದಿದ್ದೇ ಅವಳಿಗೆ ಗೊತ್ತಿಲ್ಲ. ಯಾರು ಬಂದಿದ್ದು ಅಂತ ಕೇಳಿದ್ಳು, ದೊಡ್ಡೋನೇನೋ ಅಂದ್ಳು. ಸೊಪ್ಪು ಕೇಳೋಕೆ ಬಂದಿದ್ರು ಅಂತ ನಾನೇ ಸುಳ್ಳು ಹೇಳ್ದೆ. ಹೊಟ್ಟೆಕಿಚ್ಚಿಗೆ ಮಾಡ್ದೆ. ತಪ್ಪಾಯ್ತು ಅಣ್ಣ. ನಂದು ತಪ್ಪಾಯ್ತು."