ಬೆಲ್ಲದ ಬೋಂಡಾದ ಹಿಂದಿನ ಕೈ

ಬೆಳಗಿನ ಜಾವ ಮೊಳಕಾಲ್ಮುರಿನ ಮೊದಲ ಬಸ್ಸು ಚಳ್ಳಕೆರೆ ನಿಲ್ದಾಣ ಬಿಡುವ ಮುಂಚೆಯೇ ಹುಚ್ಚಕ್ಕ ಬಾಣಲೆಯ ಮುಂದೆ ಕೂತಿರುತ್ತಾರೆ. ಗೋಧಿಹಿಟ್ಟು, ಬೆಲ್ಲ, ಕಳಿತ ಬಾಳೆಹಣ್ಣು ಸೇರಿಸಿ ಕಲಸಿದ್ದನ್ನು ಮುಷ್ಟಿಯಲ್ಲಿ ಹಿಡಿದು ಹೆಬ್ಬೆರಳ ಸಂದಿಯಿಂದ ಒತ್ತುತ್ತಾರೆ. ಗೋಲಿ ಗಾತ್ರದ ಬೋಂಡಾಗಳು ಒಂದರ ಹಿಂದೊಂದು ಎಣ್ಣೆಗೆ ಬೀಳುತ್ತವೆ. ದಿನಕ್ಕೆ ಎರಡು ಸಾವಿರ. ಹೋಟೆಲಿನ ಬೋರ್ಡಿನಲ್ಲಿ ಮಾಲೀಕ ಸಾಹುಕಾರನ ಅಪ್ಪನ ಹೆಸರಿದೆ. ಆ ಹೆಸರನ್ನು ಬೆಳೆಸಿದ ಕೈ ಇಪ್ಪತ್ತೆಂಟು ವರ್ಷದಿಂದ ಹಿಂದಿನ ಹೊಗೆಕೋಣೆಯಲ್ಲಿದೆ.

ಗಂಡ ಸತ್ತ ವರ್ಷ ತಳಕಿನ ಕಡೆಯ ಹಟ್ಟಿಯಿಂದ ಬಂದವರು. ಹೊಗೆ ಕುಡಿದೂ ಕುಡಿದೂ ಈಗ ಮೂಗಿಗೆ ಯಾವ ವಾಸನೆಯೂ ಹತ್ತುವುದಿಲ್ಲ. ತಾವು ಕರಿದದ್ದನ್ನು ಬಾಯಿಗಿಟ್ಟವರೂ ಅಲ್ಲ. "ಕರಿಯೋ ಕೈ ತಿನ್ನಬಾರ್ದು, ತಿಂದ್ರೆ ಬರ್ಕತ್ತು ಹೋಗ್ತೈತೆ ಅಂತ ನಮ್ಮತ್ತೆ ಹೇಳಿದ್ಲು" ಎನ್ನುತ್ತಾರೆ.

ಎರಡು ವರ್ಷದ ಹಿಂದೆ, ತೊಂಬತ್ತೊಂಬತ್ತರಲ್ಲಿ, ಗಿರಾಕಿಗಳು ಮುಖ ಹಿಂಡತೊಡಗಿದರು. ಹಳೆಯ ಗಿರಾಕಿ ಕಂಡಕ್ಟರ್ ಮುದ್ದಪ್ಪ ಒಳಗೇ ಬಂದು, "ಯಕ್ಕಾ, ನಿನ್ ಕೈ ಕೆಡ್ತು ನೋಡು" ಎಂದ. ಸಾಹುಕಾರನೂ ಹೌದೆಂದು ತಲೆಯಾಡಿಸಿದ. ಹುಚ್ಚಕ್ಕ ನಂಬಿಬಿಟ್ಟರು. ನಾಯಕನಹಟ್ಟಿಗೆ ಹೋಗಿ, ಕೈ ಸರಿಮಾಡಪ್ಪಾ ಎಂದು ತಿಪ್ಪೇಸ್ವಾಮಿಗೆ ಹರಕೆ ಹೊತ್ತರು. ಮೊಮ್ಮಗಳಿಗೆ ಮುದ್ದೆ ಕಟ್ಟಿ ಹಾಕುವುದಕ್ಕೂ ಹಿಂಜರಿದರು. ಒಂದು ವರ್ಷ ತಮ್ಮ ಕೈಯನ್ನೇ ತಾವು ಶಪಿಸಿಕೊಂಡು ಬದುಕಿದರು.

ಎಣ್ಣೆಯನ್ನು ಯಾವಾಗಲೂ ಸಾಹುಕಾರನೇ ಅಳೆದು ಕೊಡುತ್ತಿದ್ದ. ಒಮ್ಮೆ ಅವನು ಊರಲ್ಲಿಲ್ಲದಾಗ ಹುಚ್ಚಕ್ಕನೇ ಉಗ್ರಾಣಕ್ಕೆ ಹೋದರು. ಓದಲು ಬಾರದಿದ್ದರೂ ಡಬ್ಬದ ಮೇಲಿನ ಚಿತ್ರ ತಿಳಿಯಿತು. ಅದರಲ್ಲಿ ಕಡಲೆಕಾಯಿ ಇರಲಿಲ್ಲ, ತಾಳೆಮರವಿತ್ತು. ಕಡಲೆಕಾಯಿ ಎಣ್ಣೆಯ ಮಿಲ್ಲುಗಳಿರುವ ಊರಲ್ಲೇ ಕೂತು ಸಾಹುಕಾರ ಅಗ್ಗದ ಎಣ್ಣೆ ತರಿಸಿದ್ದ, ಕೆಟ್ಟ ಹೆಸರನ್ನು ಮಾತ್ರ ಇವರ ಕೈಗೆ ಅಂಟಿಸಿದ್ದ. ಹುಚ್ಚಕ್ಕ ಕೇಳಿದ್ದಕ್ಕೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ನಕ್ಕನಂತೆ.

ಗಿರಾಕಿಗಳಿಗೆ ಇವತ್ತಿಗೂ ಈ ಸಂಗತಿ ಗೊತ್ತಿಲ್ಲ. ಮುದ್ದಪ್ಪ ಈಗ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಾನೆ.

ಪತ್ರಿಕೆಯಲ್ಲಿ ಏನು ಬರೆಯಬೇಕು ಎಂದು ಕೇಳಿದರೆ ಹುಚ್ಚಕ್ಕ ಜಾಲರಿಯಿಂದ ಒಂದು ಒಬ್ಬೆ ಬೋಂಡಾ ತೆಗೆದು, ಎಣ್ಣೆ ಸೋರಲು ಬಿಡುತ್ತಾರೆ.

"ಹೋಟ್ಲು ಹೆಸ್ರು ಹಾಕ್‌ಬ್ಯಾಡ್ರಿ, ಅದು ಊರಿಗೇ ಗೊತ್ತೈತೆ. ನನ್ ಹೆಸ್ರು ಹಾಕ್ರಿ. ಹುಚ್ಚಕ್ಕನ ಕೈ ಕೆಟ್ಟಿಲ್ಲ ಅಂತ ಹಾಕ್ರಿ."

ಕೆಲಸ ಹೋದರೆ?

"ಹೋಗ್ಲಿ ಬಿಡ್ರಿ. ಕೈ ಐತಲ್ಲ."